ಹೊಳೆಯದ ಎರಡು ಸ್ಲೈಡುಗಳು

ಅವರ ಎರಡೂ ಹೆಬ್ಬೆರಳು ಸದಾ ಕಪ್ಪು. ಸೀಸೆಗಳಿಗೆ ಕಾರ್ಬನ್ ಪೇಪರ್ ಸುತ್ತಿ ಸುತ್ತಿ ಹಾಗಾಗಿದ್ದು. ಎಂಬತ್ತರ ದಶಕದಲ್ಲಿ ಹುಚ್ಚುನಾಯಿ ರೋಗದ ಸಂಶೋಧನೆಗೆಂದು ಚನ್ನಗಿರಿಯಲ್ಲಿ ತೆರೆದಿದ್ದ ಎರಡು ಕೋಣೆಯ ಲ್ಯಾಬಿಗೆ ಅವರು ಅಟೆಂಡರ್, ನಾನು ಹೊಸ ಪಶುವೈದ್ಯ. ವಯಸ್ಸಿಗೆ ಬೆಲೆ ಕೊಟ್ಟು ‘ಯಜಮಾನ್ರೇ’ ಅನ್ನುತ್ತಿದ್ದೆ. ಮಾತಿಗೆ ಮಾತ್ರ ಬೆಲೆ ಕೊಡುತ್ತಿರಲಿಲ್ಲ.

ಸೀಸೆಯಲ್ಲಿದ್ದದ್ದು ಮೇಕೆಯ ರಕ್ತದಿಂದ ತೆಗೆದು ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯ. ಸತ್ತ ನಾಯಿಯ ಮಿದುಳನ್ನು ಸ್ಲೈಡಿಗೆ ಒತ್ತಿ ಇದನ್ನು ಹಾಕಿದರೆ, ರೋಗವಿದ್ದಲ್ಲಿ ಅಂಟಿಕೊಂಡು ಸೂಕ್ಷ್ಮದರ್ಶಕದಡಿ ಹಸಿರಾಗಿ ಹೊಳೆಯುತ್ತದೆ. “ತಣ್ಣಗಿರಬೇಕು ಸಾರ್, ಗಡ್ಡೆ ಆಗಬಾರದು. ಬೆಳಕು ಕಾಣಬಾರದು,” ಎಂದು ಫ್ರಿಜ್ಜಿನ ನಡುವಿನ ತಟ್ಟೆಯಲ್ಲೇ ಇಡುತ್ತಿದ್ದರು. ಏಳನೇ ಕ್ಲಾಸು ಓದಿದವರ ಪಾಠ ನನಗೇಕೆ? ಅವರು ರಜೆ ಹಾಕಿದ ವಾರ, ತಣ್ಣಗಿದ್ದಷ್ಟೂ ಒಳ್ಳೆಯದೆಂದು, ಉಳಿದಿದ್ದ ಒಂದೇ ಸೀಸೆಯನ್ನು ಐಸ್ ಕಟ್ಟುವ ಖಾನೆಗೆ ತಳ್ಳಿದೆ. ಕರೆಂಟು ಹೋದಾಗಲೆಲ್ಲ ಅದು ಕರಗಿತು, ಬಂದಾಗಲೆಲ್ಲ ಮತ್ತೆ ಗಡ್ಡೆಯಾಯಿತು.

ಅವರು ಮರಳಿದ ದಿನವೇ ಉಬ್ರಾಣಿ ಕಡೆಯ ಅತ್ತೆಯೊಬ್ಬಳು ಎಂಟು ತಿಂಗಳ ಬಸುರಿ ಸೊಸೆಯನ್ನು ಕರೆತಂದಳು. ಸೊಸೆಗೆ ನಾಯಿ ಕಚ್ಚಿತ್ತು. ಊರವರು ಹೊಡೆದು ಕೊಂದ ಆ ನಾಯಿಯ ತಲೆಯೂ ಡಬ್ಬಿಯಲ್ಲಿ ಬಂದಿತ್ತು. ಆಗೆಲ್ಲ ಹೊಟ್ಟೆಗೇ ಹದಿನಾಲ್ಕು ಇಂಜೆಕ್ಷನ್.

“ಕೂಸಿಗೆ ಏನಾರ ಆದ್ರೆ? ನಾಯಿಗೆ ಹುಚ್ಚಿತ್ತೋ ಇಲ್ಲೋ ಹೇಳ್ರಿ. ಇಲ್ಲ ಅಂದ್ರೆ ಚುಚ್ಚಿಸಲ್ಲ,” ಅಂದಳು ಅತ್ತೆ.

ಸ್ಲೈಡ್ ನೋಡಿದೆ. ಹೊಳಪಿಲ್ಲ. ‘ಇಲ್ಲ’ ಎಂದು ಹೇಳಲು ಎದ್ದವನಿಗೆ ಯಜಮಾನ್ರು ಬಾಗಿಲಲ್ಲಿ ಅಡ್ಡ ನಿಂತರು. ಹುಚ್ಚೆಂದು ಹಿಂದೆಯೇ ಖಚಿತವಾಗಿದ್ದ ನಾಯಿಯೊಂದರ ಸ್ಲೈಡ್ ಅವರ ಕೈಯಲ್ಲಿತ್ತು. “ಅದೇ ಸೀಸೆಯಿಂದ ಇದಕ್ಕೂ ಹಾಕಿ ನೋಡ್ರಿ.”

ಅದೂ ಹೊಳೆಯಲಿಲ್ಲ.

ನನ್ನ ತಲೆ ಕೆಟ್ಟುಹೋಯಿತು. ರೋಗ ತೋರಿಸುವ ಶಕ್ತಿಯೇ ಸೀಸೆಯಲ್ಲಿ ಸತ್ತಿತ್ತು. ಹಾಗಾದರೆ ಸೊಸೆಗೆ ಕಚ್ಚಿದ ನಾಯಿಗೆ ರೋಗವಿತ್ತೋ, ಇರಲಿಲ್ಲವೋ? ಐಸ್ ಖಾನೆಯ ವಿಷಯ ತೊದಲುತ್ತ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿದ್ದೆ.

“ಹೋಗಿ ಗೊತ್ತಿಲ್ಲ ಅನ್ರಿ. ಇಂಜೆಕ್ಷನ್ ಹಾಕಿಸ್ಕಳಾಕೆ ಹೇಳ್ರಿ.”

“ಡಾಕ್ಟ್ರಾಗಿ ಗೊತ್ತಿಲ್ಲ ಅಂತ ಹೇಗ್ರಿ ಹೇಳೋದು?”

“ಗೊತ್ತಿಲ್ಲ ಅನ್ನಾಕೂ ಓದಿರಬೇಕು ಸಾರ್.”

ಹೇಳಿದೆ. ಅತ್ತೆ ನನ್ನ ಓದನ್ನೆಲ್ಲ ಬೀದಿಯಲ್ಲಿ ಹರಾಜು ಹಾಕಿದಳು. ಯಜಮಾನ್ರು ಅವರಿಬ್ಬರನ್ನೂ ಸಮಾಧಾನ ಮಾಡಿ ಆಸ್ಪತ್ರೆಗೆ ಕರೆದೊಯ್ದು, ಮೊದಲ ಇಂಜೆಕ್ಷನ್ ಕೊಡಿಸಿಯೇ ಬಂದರು. ಹದಿನಾಲ್ಕೂ ಆದವು.

ಕೆಲವು ತಿಂಗಳಿಗೆ ಸೊಸೆ ಹೆಣ್ಣುಕೂಸನ್ನು ಎತ್ತಿಕೊಂಡು ಬಂದು, “ಆ ನಾಯಿಗೆ ಹುಚ್ಚಿತ್ತೇನ್ರಿ?” ಎಂದಳು. ಗೊತ್ತಿಲ್ಲಮ್ಮ ಎಂದೆ. ಇಂದಿಗೂ ಗೊತ್ತಿಲ್ಲ.

ನನಗೆ ಜಗಳೂರಿಗೆ ವರ್ಗವಾದ ಮೇಲೆ ಯಜಮಾನ್ರು ತೀರಿಕೊಂಡರು. ಸುದ್ದಿ ಮೂರು ದಿನ ತಡವಾಗಿ ಮುಟ್ಟಿತು. ಮನೆಗೆ ಹೋದಾಗ ಅವರ ಹೆಂಡತಿ, “ನಿಮ್ಮನ್ನ ಭಾಳ ಹೊಗಳೋರು, ನಮ್ ಡಾಕ್ಟ್ರು ತಪ್ಪು ಮಾಡಿದ್ರೆ ಒಪ್ಕಂತಾರೆ ಅಂತ,” ಅಂದರು. ನಾನು ಒಪ್ಪಿಕೊಂಡದ್ದು ಯಜಮಾನ್ರೊಬ್ಬರ ಮುಂದೆ. ಆ ಹೆಣ್ಣುಮಗಳು ತುಂಬಿದ ಹೊಟ್ಟೆಯನ್ನು ಹದಿನಾಲ್ಕು ದಿನ ಒಡ್ಡಿದ್ದು ನಾಯಿಯ ಹುಚ್ಚಿಗೋ, ನನ್ನ ತಪ್ಪಿಗೋ? ಕೂಸನ್ನು ಎತ್ತಿಕೊಂಡು ಎದುರಿಗೆ ಬಂದಾಗಲೂ ಅವಳಿಗೆ ನಾನು ಸೀಸೆಯ ವಿಷಯ ಹೇಳಲಿಲ್ಲ.