ನಾನು ಒಡೆದ ಈಡುಗಾಯಿ

೧೯೮೪ರ ಮಾತು. ನನಗಾಗ ಇಪ್ಪತ್ತಮೂರು ವರ್ಷ. ಊರು ಹೆಬ್ಬೂರು, ಕೆಲಸ ತುಮಕೂರಿನ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ. ಹೊಟ್ಟೆಪಾಡು ಅಲ್ಲಿದ್ದರೂ ಜೀವವೆಲ್ಲ ಫುಟ್‌ಬಾಲಿನಲ್ಲಿತ್ತು. ನನಗೆ ಆಡಲು ಬರುತ್ತಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಕಾಲು ಬಾಲಿಗೆ ತಾಗುವ ಮುಂಚೆ ಇನ್ನೊಬ್ಬರ ಮೊಣಕಾಲಿಗೆ ತಾಗುತ್ತಿತ್ತು. ಆದರೆ ಕೂಗುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯ ಹುಡುಗರು ಸೇರಿ ಕಟ್ಟಿಕೊಂಡ ಟೀಮು ನಮ್ಮದು. ಗುಬ್ಬಿಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ರಾಜಣ್ಣ ಅದರ ಯಜಮಾನ. ಕೋಚು, ಮ್ಯಾನೇಜರು, ಬೈಯುವವನು, ಬಾಲಿಗೆ ಗಾಳಿ ಹಾಕುವವನು ಎಲ್ಲ ಅವನೇ. ಆ ಟೀಮಿನಲ್ಲಿ ನನಗೂ ಒಂದು ಕೆಲಸವಿತ್ತು. ಪ್ರತಿ ಮ್ಯಾಚಿಗೆ ಮುಂಚೆ ನಮ್ಮ ಗೋಲ್‌ಕೀಪರಿಗೆ ದೃಷ್ಟಿ ತೆಗೆದು ಈಡುಗಾಯಿ ಒಡೆಯುವುದು. ತೆಂಗಿನಕಾಯಿಯನ್ನು ಮೂರು ಸಲ ನಿವಾಳಿಸಿ, ಗೋಲಿನ ಹಿಂದಿದ್ದ ಕಲ್ಲಿಗೆ ಎತ್ತಿ ಅಪ್ಪಳಿಸಿದರೆ ಒಂದೇ ಏಟಿಗೆ ಚೂರುಚೂರಾಗಬೇಕು. ಎರಡು ಹೋಳಾದರೆ ಅದು ಈಡುಗಾಯಿಯಲ್ಲ, ಚಟ್ನಿಗೆ ಒಡೆದ ಕಾಯಿ ಎಂದು ರಾಜಣ್ಣ ಬೈಯುತ್ತಿದ್ದ. ನನ್ನ ಏಟು ಒಂದು ದಿನವೂ ತಪ್ಪಿರಲಿಲ್ಲ.

ನಮ್ಮ ಮೈದಾನದಲ್ಲಿ ಕಾಯಿ ಒಡೆದ ಸದ್ದು ಕೇಳಿದರೆ ಸಾಕು, ಎಲ್ಲೆಲ್ಲಿದ್ದ ಮಕ್ಕಳೋ ಓಡಿಬಂದು ಮುಗಿಬೀಳುತ್ತಿದ್ದವು. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಒಂದು ಚೂರೂ ಉಳಿಯುತ್ತಿರಲಿಲ್ಲ. ಕೆಳಗೆ ಬರೀ ಕೆಂಪುಮಣ್ಣು, ಒಂದು ನಾರು ಬಿದ್ದಿದ್ದರೂ ಕಾಣುತ್ತಿತ್ತು. ಹಾಗಾಗಿ ಒಡೆದ ಮೇಲೆ ಚೂರು ಏನಾಯಿತು ಎಂದು ನೋಡುವ ಅಭ್ಯಾಸವೇ ನಮಗೆ ಯಾರಿಗೂ ಇರಲಿಲ್ಲ.

ಆ ವರ್ಷ ನಮ್ಮ ಟೀಮು ಬೆಂಗಳೂರಿನ ಒಂದು ಟೂರ್ನಮೆಂಟಿನಲ್ಲಿ ಫೈನಲ್ ತಲುಪಿತು. ಎದುರಿಗೆ ಬೆಂಗಳೂರಿನದೇ ಒಂದು ಫ್ಯಾಕ್ಟರಿಯ ಟೀಮು. ಬೂಟು, ಬನಿಯನ್ನು, ದಿನಾ ಸಂಜೆ ಪ್ರಾಕ್ಟೀಸು, ಎಲ್ಲ ಇದ್ದವರು. ಭಾನುವಾರ ಬೆಳಿಗ್ಗೆ ಗುಬ್ಬಿಯಿಂದ ಒಂದು ಲಾರಿ ಹೊರಟಿತು. ತುಮಕೂರಿನಲ್ಲಿ ನಾವು ಹತ್ತಿದೆವು. ಕುಣಿಗಲ್ಲಿನವರು ಬೇರೆ ದಾರಿಯಲ್ಲಿ ಬಂದು ನೆಲಮಂಗಲದಲ್ಲಿ ಸೇರಿಕೊಂಡರು. ಲಾರಿಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ತಮಟೆ ಬೇರೆ. ಬೆಂಗಳೂರು ಬರುವ ಹೊತ್ತಿಗೆ ನನ್ನ ಗಂಟಲು ಅರ್ಧ ಕಟ್ಟಿತ್ತು.

ಸ್ಟೇಡಿಯಮ್ಮಿನ ಒಳಗೆ ಕಾಲಿಟ್ಟರೆ, ಮೈದಾನದ ತುಂಬ ಹಸಿರು ಹುಲ್ಲು! ಫುಟ್‌ಬಾಲನ್ನು ಹುಲ್ಲಿನ ಮೇಲೆ ಆಡುವುದನ್ನು ನಾನು ನೋಡಿದ್ದೇ ಅವತ್ತು. ಸುತ್ತ ಕಬ್ಬಿಣದ ಬೇಲಿ, ಜನವೆಲ್ಲ ಅದರ ಆಚೆ. ರಾಜಣ್ಣ ಗೇಟಿನವನಿಗೆ ಏನೋ ಹೇಳಿ, ನೀರು ಕೊಡುವವನು ಎಂದು ನನ್ನನ್ನು ಒಳಗೆ ಕರೆದುಕೊಂಡು ಹೋದ.

"ಬಿರ್ರನೆ ಮುಗಿಸ್ಲಾ ಶಿವಾ, ರೆಫ್ರಿ ಬತ್ತಾವ್ನೆ" ಎಂದ.

ನಮ್ಮ ಕೀಪರ್ ಗೋಲಿನಲ್ಲಿ ನಿಂತಿದ್ದ. ಕಾಯಿ ನಿವಾಳಿಸಿದೆ. ಒಡೆಯೋಣವೆಂದರೆ ಸುತ್ತಮುತ್ತ ಕಲ್ಲೇ ಇಲ್ಲ! ಎಡಗಡೆ ಕಂಬದ ಬುಡಕ್ಕೆ ಸಿಮೆಂಟು ಹಾಕಿದ್ದರು. ಅದಕ್ಕೇ ಅಪ್ಪಳಿಸಿದೆ. ಕಾಯಿ ಪುಡಿಪುಡಿಯಾಯಿತು. ಬೇಲಿಯಾಚೆಯಿಂದ ನಮ್ಮವರು "ಹೋ" ಎಂದರು. ರೆಫರಿ ಸೀಟಿ ಊದಿ ನಮ್ಮನ್ನು ಬೇಲಿಯಾಚೆ ಓಡಿಸಿದ. ಚೂರುಗಳೆಲ್ಲ ಹುಲ್ಲಿನೊಳಗೆ ಸೇರಿಹೋಗಿದ್ದವು. ನಾನು ಹಿಂದಿರುಗಿ ನೋಡಲಿಲ್ಲ.

ಮೊದಲರ್ಧದಲ್ಲಿ ಎರಡು ಕಡೆಯೂ ಗೋಲಿಲ್ಲ. ನಮ್ಮ ಹುಡುಗರು ಜೀವ ಬಿಟ್ಟು ಆಡುತ್ತಿದ್ದರು. ಆದರೆ ಎದುರು ಟೀಮಿನ ಕೀಪರ್ ಒಂದು ಬಾಲನ್ನೂ ಬಿಡುತ್ತಿರಲಿಲ್ಲ. ತೆಳ್ಳಗೆ, ಕಪ್ಪಗೆ, ನನ್ನದೇ ವಯಸ್ಸು. ಬರಿಗೈಯಲ್ಲೇ ನಿಂತಿದ್ದ. ಹೆಸರು ಸೆಲ್ವರಾಜ್ ಎಂದು ನನ್ನ ಪಕ್ಕ ಕೂತಿದ್ದ ಬೆಂಗಳೂರಿನವರೊಬ್ಬರು ಹೇಳಿದರು. "ಇನ್ನೂ ಟೆಂಪರರಿ ಸಾರ್ ಅವನು. ತಂದೆ ಇಲ್ಲ. ಈ ಸೀಸನ್ ಚೆನ್ನಾಗಿ ಆಡಿದ್ರೆ ಮಾರ್ಚಿಗೆ ಪರ್ಮನೆಂಟ್ ಮಾಡ್ತೀವಿ ಅಂದವ್ರಂತೆ ಫ್ಯಾಕ್ಟರಿಯವರು" ಎಂದರು. ಅವನಿಗೆ ಕೆಲಸ ಆದರೇನು ಬಿಟ್ಟರೇನು, ನಮಗೆ ಗೋಲು ಬೇಕಾಗಿತ್ತು.

ಹಾಫ್‌ಟೈಮ್ ಆದ ಮೇಲೆ ಟೀಮುಗಳು ಕಡೆ ಬದಲಾಯಿಸಿದವು. ಮೊದಲರ್ಧ ನಮ್ಮ ಕೀಪರ್ ನಿಂತಿದ್ದ, ನಾವು ಕೂತ ಕಡೆಯ ಗೋಲಿಗೆ ಸೆಲ್ವರಾಜ್ ಬಂದ. ನಮ್ಮವರು ಸುಮ್ಮನಿರುತ್ತಾರೆಯೇ? "ಏನ್ಲಾ, ನಿಮ್ಮೂರಲ್ಲಿ ಮುದ್ದೆ ಸಿಕ್ಕಕಿಲ್ವಾ? ಗಾಳಿ ಬಂದ್ರೆ ಹಾರೋಯ್ತೀಯ ಕಣ್ಲಾ" ಎಂದು ನಾನೇ ಶುರು ಮಾಡಿದೆ. ಅವನು ತಿರುಗಿ ನಕ್ಕು, "ಮುಂದಿನ್ ಸಲ ಬರುವಾಗ ಬುತ್ತಿ ಕಟ್ಕೊಂಡು ಬನ್ನಿ ಅಣ್ಣ, ತಿಂತೀನಿ" ಎಂದ. ನಮ್ಮವರೂ ನಕ್ಕುಬಿಟ್ಟರು.

ಆಮೇಲೆ ಸ್ವಲ್ಪ ಹೊತ್ತಿಗೇ ಅದು ನಡೆಯಿತು. ನಮ್ಮ ಕುಣಿಗಲ್ಲಿನ ನಾಗ ಎಡಗಡೆ ಕಂಬದ ಬುಡಕ್ಕೆ ನೆಲಮಟ್ಟದಲ್ಲಿ ಬಾಲು ಹೊಡೆದ. ಗೋಲೇ ಎಂದು ನಾವು ಎದ್ದುನಿಂತೆವು. ಸೆಲ್ವರಾಜ್ ಹಾರಿದ. ಒಂದು ಕೈಯಲ್ಲಿ ಬಾಲನ್ನು ಆಚೆ ತಳ್ಳಿ, ಇನ್ನೊಂದು ಅಂಗೈಯನ್ನು ನೆಲಕ್ಕೆ ಕೊಟ್ಟು ಬಿದ್ದ. ಬಾಲು ಹೊರಗೆ ಹೋಯಿತು. ಅವನು ಏಳಲಿಲ್ಲ.

"ನಾಟ್ಕ! ನಾಟ್ಕ! ಟೈಮ್ ಕೊಲ್ತಾವ್ನೆ!" ಎಂದು ಎಲ್ಲರೂ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು.

ಅವನು ಎದ್ದು ಕೂತು ಬಲಗೈ ನೋಡಿಕೊಂಡ. ಅಂಗೈಯಿಂದ ರಕ್ತ ಮೊಣಕೈವರೆಗೆ ಇಳಿಯುತ್ತಿತ್ತು. ಹಲ್ಲು ಕಚ್ಚಿ ಏನನ್ನೋ ಕಿತ್ತು ಬೇಲಿಯ ಕಡೆ ಎಸೆದ. ಅದು ನನ್ನ ಕಾಲಿನಿಂದ ಒಂದು ಮಾರು ದೂರದಲ್ಲಿ ಬಿತ್ತು. ಕಂದುಬಣ್ಣದ ಚಿಪ್ಪು, ಒಳಗೆ ಬಿಳಿ ಕಾಯಿ, ಅದರ ಮೇಲೆ ರಕ್ತ. ಅಯ್ಯೋ ಶಿವನೇ ಎಂದು ಅಲ್ಲೇ ಕುಕ್ಕರಿಸಿದೆ. ಅಕ್ಕಪಕ್ಕದವರು ಅದನ್ನು ನೋಡಲೇ ಇಲ್ಲ.

ಅವರ ಕಡೆ ಬದಲಿ ಕೀಪರ್ ಇರಲಿಲ್ಲವೋ, ಅಥವಾ ಇವನೇ ಹೊರಗೆ ಹೋಗಲು ಒಪ್ಪಲಿಲ್ಲವೋ ಗೊತ್ತಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡು ನಿಂತ. ಇನ್ನು ಹತ್ತು ನಿಮಿಷ ಉಳಿದಿದ್ದಾಗ ನಾಗ ದೂರದಿಂದ ಒಂದು ಸಾಧಾರಣ ಹೊಡೆತ ಹೊಡೆದ. ಸಣ್ಣ ಹುಡುಗನೂ ಹಿಡಿಯುವಂಥ ಬಾಲು. ಸೆಲ್ವರಾಜ್ ಎರಡೂ ಕೈ ಚಾಚಿದ. ಬಲಗೈಯ ಬೆರಳು ಮಡಚಲಿಲ್ಲ. ಬಾಲು ಜಾರಿ ಒಳಗೆ ಹೋಯಿತು.

ನಾವು ಗೆದ್ದೆವು. ಜನ ಬೇಲಿ ಹಾರಿ ಓಡಿದರು. ತಮಟೆ ಬಡಿದರು, ನಾಗನನ್ನು ಹೆಗಲ ಮೇಲೆ ಹೊತ್ತರು. ನಾನು ರಾಜಣ್ಣನನ್ನು ಪಕ್ಕಕ್ಕೆ ಎಳೆದು, "ರಾಜಣ್ಣ, ಅವನ ಕೈಗೆ ಚುಚ್ಚಿದ್ದು ನಮ್ಮ ಕಾಯಿ ಚಿಪ್ಪು" ಎಂದೆ. ಅವನ ಮುಖದ ನಗೆ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ, "ಗಾಜು ಅಂತಾವ್ರೆ ಕಣ್ಲಾ ಎಲ್ಲ. ನೀನು ಸುಮ್ಕಿರು. ಬಾಯಿ ಬುಟ್ರೆ ಕಪ್ ಕಿತ್ಕತಾರೆ. ಈ ಹುಡುಗ್ರ ಮಕ ನೋಡು" ಎಂದ. ಹುಡುಗರ ಮುಖ ನೋಡಿದೆ. ಸುಮ್ಮನಾದೆ.

ಲಾರಿ ತುಮಕೂರಿಗೆ ಬಂದಾಗ, ಗೆದ್ದ ಖುಷಿಗೆ ಇನ್ನೊಂದು ಈಡುಗಾಯಿ ಒಡಿ ಎಂದು ಕಾಯಿ ತಂದು ನನ್ನ ಕೈಗೇ ಕೊಟ್ಟರು. "ನಿನ್ ಕೈಗುಣ ಕಣೋ ಶಿವಾ, ಕಪ್ ಬಂತು" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಏನೂ ಕೇಳದಿದ್ದರೂ ತೋಳು ನೋಯುತ್ತದೆ ಎಂದು ಸುಳ್ಳು ಹೇಳಿ ನನ್ನ ರೂಮಿಗೆ ನಡೆದೆ.

ಒಂದು ವಾರ ಊಟ ಸೇರಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಸ್ಟೇಡಿಯಮ್ಮಿನ ವಾಚ್‌ಮನ್ನನ್ನು ಕೇಳಿದಾಗ ಆಸ್ಪತ್ರೆಯ ಹೆಸರು ಹೇಳಿದ. ಆರು ಕಿತ್ತಳೆಹಣ್ಣು ಕೊಂಡು ಹುಡುಕಿಕೊಂಡು ಹೋದೆ. ಹೋಗಿ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡದ್ದೆಲ್ಲ ವಾರ್ಡಿನ ಬಾಗಿಲಲ್ಲೇ ಮರೆತುಹೋಯಿತು.

ಸೆಲ್ವರಾಜ್ ಮಂಚದ ಮೇಲಿದ್ದ. ಕೈಗೆ ದಪ್ಪ ಬ್ಯಾಂಡೇಜು. ಪಕ್ಕದಲ್ಲಿ ಸ್ಟೂಲಿನ ಮೇಲೆ ಅವನ ತಾಯಿ.

"ಯಾರಪ್ಪಾ ನೀನು?" ಎಂದು ಅವರು ಕೇಳಿದರು.

"ತುಮಕೂರಿಂದ ಬಂದಿದೀನಮ್ಮ. ಅವತ್ತು ಎದುರು ಟೀಮಿನ ಕಡೆ ಬಂದಿದ್ದೆ" ಎಂದೆ.

ಅವರ ಮುಖ ಅರಳಿತು. "ನೋಡು ಸೆಲ್ವಾ, ಗೆದ್ದವರ ಕಡೆಯವನು ಅಷ್ಟು ದೂರದಿಂದ ನಿನ್ನ ನೋಡಕ್ಕೆ ಬಂದವ್ನೆ. ನಮ್ಮ ಫ್ಯಾಕ್ಟ್ರಿಯೋರು ಒಂದೇ ದಿನ ಬಂದು ಹೋದ್ರು ಕಣಪ್ಪಾ. ಕೂತ್ಕೋ, ಕಾಫಿ ತರ್ತೀನಿ" ಎಂದು ಫ್ಲಾಸ್ಕ್ ಎತ್ತಿಕೊಂಡು ಹೋದರು.

ಅವರು ಆಚೆ ಹೋದ ಕೂಡಲೇ ಹೇಳಿಬಿಟ್ಟೆ. ಇನ್ನೊಂದು ನಿಮಿಷ ಬಿಟ್ಟಿದ್ದರೆ ಹೇಳುತ್ತಿರಲಿಲ್ಲ ಎಂದು ನನಗೆ ಗೊತ್ತು. "ನಿಮ್ಮ ಕೈಗೆ ಚುಚ್ಚಿದ ಆ ಕಾಯಿ ಒಡೆದವನು ನಾನೇ."

ಅವನು ತನ್ನ ಬ್ಯಾಂಡೇಜನ್ನು ನೋಡಿಕೊಂಡ. ಆಮೇಲೆ, "ಗಾಜಲ್ಲ ಅಂತ ನಂಗೊತ್ತಿತ್ತು. ನಾನೇ ಕಿತ್ತಿದ್ದಲ್ವಾ. ಯಾರು ಅಂತ ಗೊತ್ತಿರ್ಲಿಲ್ಲ. ಯಾಕೆ ಒಡೆದ್ರಿ?" ಎಂದ.

"ನಮ್ಮ ಕೀಪರ್‌ಗೆ ದೃಷ್ಟಿ ಆಗ್ಬಾರ್ದು ಅಂತ."

"ಹಾಫ್‌ಟೈಮ್ ಆದ್ಮೇಲೆ ಆ ಗೋಲಿಗೆ ನಾನು ಬರ್ತೀನಿ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ನಿಮ್ಮ ಬಗ್ಗೆ ಯೋಚನೇನೇ ಮಾಡ್ಲಿಲ್ಲ" ಎಂದೆ. ನನಗೆ ಅಳು ಬಂತು. ನಮ್ಮೂರಲ್ಲಿ ಮಕ್ಕಳು ಆಯ್ದುಕೊಳ್ಳುತ್ತವೆ, ಅದೂ ಇದೂ ಎಂದು ಏನೇನೋ ಹೇಳಲು ಹೋದೆ. ಅವನು ಎಡಗೈ ಎತ್ತಿ ತಡೆದ.

"ನರ ಕಟ್ ಆಗಿದೆಯಂತೆ. ಮೂರು ಬೆರಳು ಮಡಚಲ್ಲ ಅಂತ ಡಾಕ್ಟ್ರು ಹೇಳಿದ್ರು. ಅಮ್ಮನಿಗೆ ಇನ್ನೂ ಹೇಳಿಲ್ಲ. ವಾಸಿ ಆಗುತ್ತೆ, ಮಾರ್ಚಿಗೆ ಕೆಲ್ಸ ಪರ್ಮನೆಂಟ್ ಆಗುತ್ತೆ ಅಂತ ಕಾಯ್ತಾ ಕೂತಿದಾರೆ" ಎಂದ. ಧ್ವನಿಯಲ್ಲಿ ಸಿಟ್ಟು ಇತ್ತೋ ಇಲ್ಲವೋ ನನಗೆ ಈಗಲೂ ಹೇಳಲು ಬರುವುದಿಲ್ಲ. "ನೀವು ಹೇಳಿದ್ದನ್ನೂ ಅವರಿಗೆ ಹೇಳ್ಬೇಡಿ. ನಿಮ್ಮನ್ನ ಉಳಿಸಕ್ಕಲ್ಲ. ಒಂದು ವಾರದಿಂದ ಅವರು ನಕ್ಕಿದ್ದು ಇವತ್ತೇ, ನೀವು ಬಂದ್ರಿ ಅಂತ. ಅದನ್ನ ಕಿತ್ಕೋಬೇಡಿ. ಕಾಫಿ ಕುಡ್ದು ಹೊರಡಿ. ಮತ್ತೆ ಬರ್ಬೇಡಿ."

ಅಷ್ಟರಲ್ಲಿ ಆ ತಾಯಿ ಕಾಫಿ ತಂದರು. ಲೋಟಕ್ಕೆ ಬಗ್ಗಿಸಿ ಮೊದಲು ನನಗೇ ಕೊಟ್ಟರು. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ ಅಂತಾರಲ್ಲ, ಆ ಗಾದೆ ನನಗೆ ಅರ್ಥವಾಗಿದ್ದು ಅವತ್ತು.

"ಏನ್ ಕೆಲಸ ಮಾಡ್ತೀಯಪ್ಪಾ?" ಎಂದರು.

"ಲೇತ್ ಮೆಷೀನಲ್ಲಿ ಕೆಲಸ ಅಮ್ಮ."

ಅವರು ಲೋಟ ಕೆಳಗಿಡಿಸಿ ನನ್ನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮೆಷೀನ್ ಕೆಲಸ, ಕೈ ಜೋಪಾನ ಕಣಪ್ಪಾ. ಒಳ್ಳೆ ಮನಸ್ಸಿನವನು ನೀನು. ಈ ಕೈಗೆ ಯಾವತ್ತೂ ಏನೂ ಆಗ್ದಿರ್ಲಿ" ಎಂದು ನನ್ನ ಅಂಗೈಯನ್ನು ಕಣ್ಣಿಗೊತ್ತಿಕೊಂಡರು. ಸೆಲ್ವರಾಜ್ ಮಂಚದ ಮೇಲಿಂದ ನೋಡುತ್ತಿದ್ದ. ನಾನು ಕೈ ಬಿಡಿಸಿಕೊಳ್ಳಲಾರದೆ ನಿಂತಿದ್ದೆ.

ಮತ್ತೆ ಬರಬೇಡ ಎಂದಿದ್ದರೂ ಎರಡು ವರ್ಷ ಬಿಟ್ಟು ಒಮ್ಮೆ ವಿಚಾರಿಸಲು ಹೋದೆ. ಫ್ಯಾಕ್ಟರಿ ಟೀಮಿಗೆ ಬೇರೆ ಕೀಪರ್ ಬಂದಿದ್ದ. ತಾಯಿ, ಮಗ ಮನೆ ಖಾಲಿ ಮಾಡಿಕೊಂಡು ಹೋದರು ಎಂದರು. ಎಲ್ಲಿಗೆ ಎಂದು ಹೇಳುವವರು ಸಿಗಲಿಲ್ಲ.

ಈಗ ನನಗೆ ಅರವತ್ತು ದಾಟಿದೆ. ಮೂವತ್ತೈದು ವರ್ಷ ಲೇತಿನ ಮುಂದೆ ನಿಂತೆ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಒಬ್ಬನಿಗೆ ಹೆಬ್ಬೆರಳಿಲ್ಲ, ಇನ್ನೊಬ್ಬನಿಗೆ ಎರಡು ಬೆರಳಿಲ್ಲ. ನನಗೆ ಒಂದು ಗೀರೂ ಆಗಲಿಲ್ಲ. ರಿಟೈರ್ ಆದ ದಿನ ಎಲ್ಲರೂ ನನ್ನ ಕೈ ಕುಲುಕಿ, ನಿನ್ನದು ಪುಣ್ಯದ ಕೈ ಎಂದರು. ಆ ತಾಯಿ ಮನಸಾರೆ ಮಾಡಿದ ಆಶೀರ್ವಾದ ಅದು, ಪಕ್ಕದ ಮಂಚದ ಮೇಲಿದ್ದ ಅವರ ಮಗನಿಗೆ ಸೇರಬೇಕಾಗಿತ್ತು.