ಇರುವೆ ಕಾಣದ ಕಲ್ಲು

ಕಲ್ಲು ಆರಿಸೋದರಲ್ಲಿ ಅರಸೀಕೆರೆ ಸೀಮೆಗೇ ನಾನೊಬ್ಬ. ಈ ಸಂಗತಿ ನಡೆಯೋವರೆಗೆ ನಾನು ಆರಿಸಿದ ಒಂದು ಚಪ್ಪಡಿಯೂ ವಾಪಸ್ ಬಂದಿರಲಿಲ್ಲ. ಹಳೇಬೀಡಿನ ಜೈನರ ಮನೆಯೊಂದರ ಅಡುಗೆಕಟ್ಟೆಗೆ ಕನ್ನಡಿಯಂಥ ಕಪ್ಪು ಕಡಪ ಕಲ್ಲು ಒಯ್ದೆ. ಮನೆಯ ಅಮ್ಮ ಅದರ ಮೇಲೆ ಚಿಟಿಕೆ ಬೆಲ್ಲ ಉದುರಿಸಿ, ನನಗೆ ಮಜ್ಜಿಗೆ ಕೊಟ್ಟು ಕೂರಿಸಿದರು. ಕುಡಿದಾದ ಮೇಲೆ, "ಈಗ ಕಲ್ಲು ಒರೆಸಪ್ಪ" ಎಂದರು. ನಾನು ಬಟ್ಟೆ ಎತ್ತಿದ್ದೇ ತಡ, "ತಡಿ, ಬಗ್ಗಿ ನೋಡು!" ಅಂದರು.

ಕಪ್ಪು ಕಲ್ಲಿನ ಮೇಲೆ ಕಪ್ಪಿರುವೆಗಳ ಸಾಲು!

"ಬಿರುಕು ಕಾಣೋ ಕಣ್ಣಿಗೆ ಜೀವ ಕಾಣ್ಲಿಲ್ವೇನಪ್ಪ? ದಿನಾ ಒರೆಸೋಳು ನಾನು, ಪಾಪ ನನಗೆ ಸುತ್ಕೊಳ್ಳುತ್ತೆ."

ಮಾರನೇ ದಿನ ಬೂದು ಬಣ್ಣದ ಶಹಾಬಾದ್ ಕಲ್ಲು ಹಾಸಿ ಭೇಷ್ ಅನ್ನಿಸಿಕೊಂಡೆ. ಈಗ ಜಾವಗಲ್, ಹಗರೆ ಕಡೆ ಯಾರೇ ಕೇಳಲಿ, "ಇರುವೆ ಕಾಣೋ ಕಲ್ಲು ಹಾಕ್ಸಿ" ಅಂತ ಬುದ್ಧಿ ಹೇಳ್ತೀನಿ. "ಎಂಥಾ ತಲೆ ಕಣ್ರೀ ನಿಮ್ದು!" ಅಂತಾರೆ. ನಾನೂ ಇಲ್ಲ ಅನ್ನೋದಿಲ್ಲ.