ನೀರುಗಂಟಿಯ ಸಾಮ್ರಾಜ್ಯ

ಸಂಕ್ರಾಂತಿ ಕಳೆದ ಮೂರನೇ ದಿನ ಸಿದ್ದಗಂಗಯ್ಯ ತೂಬಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗಾಲು ಮುರಿದುಕೊಂಡರು. ಕಳ್ಳಂಬೆಳ್ಳದ ಕೆರೆಗೆ ಅವರು ನೀರುಗಂಟಿ. ಯಾವ ಗದ್ದೆಗೆ ಯಾವತ್ತು, ಎಷ್ಟು ಹೊತ್ತು ನೀರು ಹೋಗಬೇಕು ಎಂಬುದನ್ನು ಮೂವತ್ತೆರಡು ವರ್ಷಗಳಿಂದ ಅವರೇ ತೀರ್ಮಾನಿಸುತ್ತಿದ್ದರು. ಸನಿಕೆ ಹಿಡಿದು ಕಾಲುವೆಯುದ್ದಕ್ಕೂ ನಡೆದು, ಒಂದು ಕಡೆ ಮಣ್ಣು ಕಡಿದು, ಇನ್ನೊಂದು ಕಡೆ ಮಣ್ಣು ಕಟ್ಟಿ, ನೆಂಟರನ್ನು ಮನೆ ಮುಟ್ಟಿಸಿ ಬಂದ ಹಾಗೆ ನೀರನ್ನು ಗದ್ದೆ ಮುಟ್ಟಿಸಿ ಬರುತ್ತಿದ್ದರು. ಸಿರಾದ ಆಸ್ಪತ್ರೆಯಲ್ಲಿ ತೊಡೆಯವರೆಗೆ ಪ್ಲಾಸ್ಟರು ಹಾಕಿ, ಎರಡು ತಿಂಗಳು ಕಾಲು ಊರಬಾರದು ಎಂದರು. ಮಗ ಪ್ರಸನ್ನ ಕುಮಾರ ಬೆಳಿಗ್ಗೆ ಅಪ್ಪ ಹೇಳಿದಂತೆ ನೀರು ಬಿಟ್ಟು, ಆಮೇಲೆ ಸಿರಾದ ಬಸ್ ಡಿಪೋದ ಕೆಲಸಕ್ಕೆ ಹೋಗುವುದೆಂದಾಯಿತು. ಸಿದ್ದಗಂಗಯ್ಯ ಪಡಸಾಲೆಯ ಮಂಚದ ಮೇಲೆ ಕಾಲು ಚಾಚಿ, ಕಿಟಕಿಯಲ್ಲಿ ಕಾಣುವಷ್ಟು ಕೆರೆ ಏರಿಯನ್ನು ನೋಡುತ್ತ ಮಲಗಿದರು.

ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಸೊಸೆ ವನಜಾಕ್ಷಿಯ ಸಾಮ್ರಾಜ್ಯ ನಾಲ್ಕನೇ ಸಲ ಬಿದ್ದುಹೋಗುತ್ತಿತ್ತು.

ವನಜಾಕ್ಷಿ ಸಿರಾದ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಸೆಮಿಸ್ಟರ್ ಮುಗಿದು ಮಾರ್ಚ್ ನಡುವಿನವರೆಗೆ ರಜೆಯಿತ್ತು. ಕೊರಟಗೆರೆಯಲ್ಲಿರುವ ತಮ್ಮ ಅನಿಲ್ ಕುಮಾರ ಅವಳ ಲ್ಯಾಪ್‌ಟಾಪಿಗೆ ಒಂದು ಆಟ ಹಾಕಿಕೊಟ್ಟಿದ್ದ. ಪರದೆಯ ತುಂಬ ಪ್ರಪಂಚದ ಭೂಪಟ. ಒಂದು ದೇಶವನ್ನು ಆರಿಸಿಕೊಂಡು, ಹಡಗು, ದವಸ, ಸೈನ್ಯ ಎಲ್ಲವನ್ನೂ ನೋಡಿಕೊಂಡು ನೂರು ವರ್ಷ ಆಳಬೇಕು. ಅವಳು ಆರಿಸಿಕೊಂಡದ್ದು ಪೋರ್ಚುಗಲ್, ಅದೂ ಎಲ್ಲವನ್ನೂ ಕಳೆದುಕೊಂಡ ಪೋರ್ಚುಗಲ್. ಯೂರೋಪಿನ ಅಂಚಿನಲ್ಲಿ ಉಗುರಿನಷ್ಟು ಹಸಿರು, ಅಷ್ಟೆ. ಒಂದು ಕಾಲಕ್ಕೆ ಅದರದ್ದಾಗಿದ್ದ ನಲವತ್ತು ಬಂದರುಗಳು ಬ್ರೆಜಿಲ್‌ನಿಂದ ಟಿಮೋರ್‌ವರೆಗೆ ಬೇರೆಯವರ ಬಣ್ಣ ಹೊದ್ದು ಕೂತಿದ್ದವು. ನಲವತ್ತನ್ನೂ ಮರಳಿ ಪಡೆದರೆ ಸಾಮ್ರಾಜ್ಯ ಮತ್ತೆ ಎದ್ದಂತೆ.

ಅನಿಲ ಎರಡೇ ವಾರದಲ್ಲಿ ನಲವತ್ತನ್ನೂ ಪಡೆದಿದ್ದ. ದಿನಾ ಫೋನು ಮಾಡಿ, ಇತಿಹಾಸದ ಮೇಡಮ್ಮಿಗೆ ಎಷ್ಟಾಯಿತು ಎಂದು ಕೇಳುತ್ತಿದ್ದ. ತರಗತಿಯಲ್ಲಿ ಈ ಹಡಗಿನವರು ಏನೇನು ದೋಚಿದರು ಎಂದು ಪಾಠ ಮಾಡುವವಳು ಮನೆಯಲ್ಲಿ ಅವರ ರಾಜ್ಯವನ್ನು ಕಟ್ಟಿಕೊಡಲು ಕೂತಿರುವುದು ಅವಳಿಗೂ ಸ್ವಲ್ಪ ಮುಜುಗರವೇ. ಆದರೆ ಹದಿನೆಂಟರ ಮೇಲೆ ಎಂದೂ ಹೋಗದ ಲೆಕ್ಕ ಅವಳನ್ನು ಕೊರೆಯುತ್ತಿತ್ತು. ಕಾಲೇಜು ಶುರುವಾಗುವ ಮುಂಚೆ ಒಮ್ಮೆಯಾದರೂ ಗೆಲ್ಲಬೇಕು ಎಂದುಕೊಂಡಿದ್ದಳು.

ನಾಲ್ಕನೇ ಸಲ ಸೋತು ಅವಳು ತಲೆಯ ಮೇಲೆ ಕೈಯಿಟ್ಟು ಕೂತಾಗ ಮಂಚದಿಂದ ಮಾತು ಬಂತು. ಆ ಹಸಿರು ಯಾಕೆ ಪದೇಪದೇ ಒಣಗುತ್ತದೆ ಎಂದು ಮಾವ ಕೇಳಿದ್ದರು. ಅವರು ಇಷ್ಟು ದಿನ ನೋಡುತ್ತಿದ್ದುದೇ ಅವಳಿಗೆ ಗೊತ್ತಿರಲಿಲ್ಲ. ಹಡಗುಗಳು ತಾಯ್ನಾಡಿನಿಂದ ದವಸ ಹೊತ್ತು ಹೋಗುತ್ತವೆ, ದವಸ ಸಾಲದ ಬಂದರು ತಿರುಗಿಬೀಳುತ್ತದೆ ಎಂದು ಅವಳು ವಿವರಿಸಿದಳು.

"ಮೊದ್ಲು ಯಾವುದಕ್ಕೆ ಕೊಡ್ತೀಯಾ?"

"ಹತ್ತಿರ ಇರೋದಕ್ಕೆ ಮಾವ. ಅವು ಗಟ್ಟಿಯಾದ ಮೇಲೆ ದೂರದವು."

"ಅಲ್ಲೇ ಕಣಮ್ಮ ಕೆಟ್ಟಿರಾದು. ತೂಬಿನ ಬಾಯಲ್ಲಿರೋನು ಹೆಂಗಾದ್ರೂ ಕುಡ್ಕಂತಾನೆ. ನೀರು ಕಮ್ಮಿ ಇದ್ದಾಗ ಮೊದ್ಲು ಕೊನೇ ಗದ್ದೆಗೆ ಬುಡಬೇಕು. ನೀರು ಹೋಗ್ತಾ ಹಾದಿಯೆಲ್ಲಾ ನೆನಸ್ಕಂಡೇ ಹೋಗ್ತದೆ."

ಆಟದ ಬಗ್ಗೆ ಬರೆದವರೆಲ್ಲ ಹೇಳುವುದು ಇದಕ್ಕೆ ತದ್ವಿರುದ್ಧ. ಆದರೆ ನಾಲ್ಕು ಸಲ ಸೋತವಳಿಗೆ ಐದನೆಯದು ಹೇಗಾದರೇನು ಎನ್ನಿಸಿತು. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಮಂಚದ ಪಕ್ಕಕ್ಕೆ ಎಳೆದುಕೊಂಡಳು.

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಇಬ್ಬರೂ ಆಳತೊಡಗಿದರು. ಸಿದ್ದಗಂಗಯ್ಯನವರಿಗೆ ಇಂಗ್ಲಿಷ್ ಅಕ್ಷರ ಬಾರದು. ಪರದೆಯ ಮೇಲೆ ಬರುವ ಒಂದೊಂದು ಓಲೆಯನ್ನೂ ಅವಳು ಕನ್ನಡದಲ್ಲಿ ಓದಿ ಹೇಳುವಳು. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು ಅಪ್ಪಣೆ ಕೊಡುವರು. ಅವಳು ಒತ್ತುವಳು. ಊರುಗಳ ಹೆಸರು ಅವರಿಗೆ ಬೇಕಿರಲಿಲ್ಲ. ಬ್ರೆಜಿಲ್ ಅವರಿಗೆ ಪಡುವಲ ಕಾಲುವೆ, ಆಫ್ರಿಕಾದ ದಕ್ಷಿಣದ ತುದಿ ನೀರು ತಿರುಗುವ ಮಡೆ, ಟಿಮೋರ್ ಕೊನೇ ಗದ್ದೆ.

"ಮಾವ ಸೊಸೆ ಕೂತ್ಕಂಡು ಯಾವನಿಗೋ ರಾಜ್ಯ ಕಟ್ಕೊಡ್ತಾವ್ರೆ, ಇಲ್ಲಿ ಒಂದು ಸೇರು ಅವರೆಕಾಯಿ ಬುಡಿಸೋರಿಲ್ಲ," ಎಂದು ಅತ್ತೆ ಕೆಂಚಮ್ಮ ಮೊರವನ್ನು ತಂದು ಇಬ್ಬರ ನಡುವೆ ಕುಕ್ಕಿದರು. ಆಮೇಲೆ ಸಾಮ್ರಾಜ್ಯ ಬೆಳೆದದ್ದೆಲ್ಲ ಅವರೆಕಾಯಿ ಬಿಡಿಸುತ್ತಲೇ.

ಹೇಗೆ ಬೆಳೆಯಿತೆಂದು ವನಜಾಕ್ಷಿ ನಂಬಲಾರದೆ ನೋಡಿದಳು. ಮೊದಲ ಹತ್ತು ವರ್ಷ ಏನೂ ಇಲ್ಲ. ತಾಯ್ನಾಡಿನ ಕಣಜ ಬರಿದು, ಮಂತ್ರಿಗಳಿಂದ ದೂರಿನ ಮೇಲೆ ದೂರು. ಇದ್ದ ಹಡಗುಗಳೆಲ್ಲ ಪ್ರಪಂಚದ ತುದಿಗೆ, ಹೆಸರಿಲ್ಲದಂಥ ಒಂದು ದ್ವೀಪಕ್ಕೆ ಹೋಗುತ್ತಿದ್ದವು. ಆಮೇಲೆ ಆ ದ್ವೀಪ ಹಸಿರಾಯಿತು. ಅಲ್ಲಿಗೆ ಹೋಗುವ ಹಡಗುಗಳು ದಾರಿಯಲ್ಲಿ ತಂಗುವ ಬಂದರುಗಳಿಗೂ ತಾನಾಗಿಯೇ ದವಸ ಇಳಿಯತೊಡಗಿತು. ಒಂದು ಹಸಿರಾಯಿತು, ಅದರ ಹಿಂದಿನದು ಹಸಿರಾಯಿತು. ನೆನೆದ ಮಣ್ಣು ಬಣ್ಣ ಬದಲಿಸುವ ಹಾಗೆ ಕಡಲಂಚಿನುದ್ದಕ್ಕೂ ಹಸಿರು ಹಿಂದಕ್ಕೆ ಹಿಂದಕ್ಕೆ ಮನೆಯ ಕಡೆ ನಡೆದುಬಂತು. ಎಂಬತ್ತು ವರ್ಷದಲ್ಲಿ ಒಂದು ಬಂದರೂ ತಿರುಗಿಬೀಳಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ ಅವಳು ಪಕ್ಕದಲ್ಲಿ ಅವರೆಕಾಯಿ ಸುಲಿಯುವ ಒರಟು ಬೆರಳುಗಳನ್ನು ಒಮ್ಮೊಮ್ಮೆ ಸುಮ್ಮನೆ ನೋಡುತ್ತ ಕೂರುತ್ತಿದ್ದಳು.

ಮಾರ್ಚ್ ಮೊದಲ ವಾರಕ್ಕೆ ಮೂವತ್ತೊಂಬತ್ತಾಯಿತು. ಉಳಿದದ್ದು ಗೋವ ಒಂದೇ. ಆಟದಲ್ಲಿ ಅದು ಒಳನಾಡಿನ ನವಾಬನೊಬ್ಬನ ಕೈಯಲ್ಲಿತ್ತು. ಅವನ ಕೋಟೆ ಬಿದ್ದರೆ ಗೋವ ಸಿಗುತ್ತಿತ್ತು. ಸೈನ್ಯ ಒಳನಾಡಿಗೆ ಹೊರಟಿತು. ಕೋಟೆಯ ಹತ್ತಿರ ಹೋದಂತೆ ಭೂಪಟ ದೊಡ್ಡದಾಗಿ, ಸಣ್ಣ ಅಕ್ಷರದಲ್ಲಿ ಊರಿನ ಹೆಸರು ಮೂಡಿತು. ವನಜಾಕ್ಷಿ ಓದಿಕೊಂಡಳು. ಸಿರಾ.

ಅವಳು ಮಾವನಿಗೆ ಹೇಳಲಿಲ್ಲ. ಆಟದಲ್ಲಿ ನಾಲ್ಕು ವರ್ಷ, ರಜೆಯಲ್ಲಿ ಆರು ದಿನ ಉಳಿದಿತ್ತು. ಕೋಟೆಯೊಂದು ಇದೆ, ಮುತ್ತಿಗೆ ಹಾಕಿದೆ ಎಂದಷ್ಟೇ ಹೇಳಿದಳು.

ಮರುದಿನ ಮಧ್ಯಾಹ್ನ ಒಂದು ಓಲೆ ಬಂತು. ಅವಳು ಎಂದಿನಂತೆ ಓದಿದಳು. ಕೋಟೆ ಗಟ್ಟಿಯಾಗಿದೆ, ಕುಡಿಯುವ ನೀರು ಮಾತ್ರ ಹೊರಗಿನ ಕೆರೆಯಿಂದ ಹೋಗುತ್ತದೆ. ಆ ಕಾಲುವೆ ಕಟ್ಟಿದರೆ ಎರಡು ತಿಂಗಳಲ್ಲಿ ಬಾಗಿಲು ತೆರೆಯುತ್ತಾರೆ. ಕಟ್ಟಬೇಕೆ, ಬೇಡವೆ?

ಸಿದ್ದಗಂಗಯ್ಯನವರ ಕೈ ಮೊರದಲ್ಲೇ ನಿಂತಿತು. ಒಳಗೆ ಎಷ್ಟು ಜನ ಎಂದು ಕೇಳಿದರು. ಒಂಬತ್ತು ಸಾವಿರ ಎಂದು ತೋರಿಸುತ್ತಿದೆ ಎಂದಳು.

"ಬ್ಯಾಡ."

"ಮಾವ, ಇದೊಂದು ಮಾಡಿದ್ರೆ ನಲವತ್ತಾಗುತ್ತೆ. ಇಲ್ಲಾಂದ್ರೆ ಆಗಲ್ಲ. ಇದು ಆಟ ಅಷ್ಟೆ."

ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು.

"ನಮ್ಮೂರ ಬೈಲಪ್ಪ ಒಂದ್ಸಲ ಏರಿ ಮ್ಯಾಲೆ ನನ್ನ ಕೆನ್ನೆಗೆ ಹೊಡೆದಿದ್ದ, ನಾಕು ಜನದ ಮುಂದೆ. ಬಿರುಬ್ಯಾಸಗೆ, ಕೆರೇಲಿ ಮೊಣಕಾಲುದ್ದ ನೀರು. ಮಾರನೆ ದಿನ ಅವನ ಗದ್ದೆ ಸರದಿ. ನನ್ನ ಕೈಲಿ ಸನಿಕೆ ಇತ್ತು. ಎರಡು ಮಂಕ್ರಿ ಮಣ್ಣು ಹಾಕಿದ್ರೆ ಸಾಕಾಗಿತ್ತು," ಎಂದರು. "ಹಾಕ್ಲಿಲ್ಲ. ನೀರು ಬುಟ್ಟೆ. ನೀರು ಬುಡಕ್ಕೆ ಅಂತ ನನ್ನ ಇಟ್ಟವ್ರೆ ಕಣಮ್ಮ. ಸೈನ್ಯದಲ್ಲಿ ಹೊಡ್ಕಂಡು ಗೆದ್ರೆ ಗೆಲ್ಲಾನ. ಕಾಲುವೆ ಕಟ್ಟಾದು ನನ್ನ ಕೈಲಾಗಲ್ಲ."

ವನಜಾಕ್ಷಿಯ ಬೆರಳು ಮೌಸಿನ ಮೇಲಿತ್ತು. ಪರದೆಯಲ್ಲಿ ಎರಡು ಗುಂಡಿಗಳು, ಎರಡರ ಮೇಲೂ ಇಂಗ್ಲಿಷ್. ಯಾವುದನ್ನು ಒತ್ತಿದರೂ ಮಾವನಿಗೆ ತಿಳಿಯುವಂತಿರಲಿಲ್ಲ. ಕೋಟೆ ತಾನಾಗಿ ಬಿತ್ತು ಎಂದರೆ ನಂಬುತ್ತಿದ್ದರು, ಖುಷಿಯನ್ನೂ ಪಡುತ್ತಿದ್ದರು. ಅವಳು ಅವರ ಕಡೆ ನೋಡಿದಳು. ಅವರು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಹೇಳುವುದನ್ನು ಹೇಳಿ, ಉಳಿದದ್ದನ್ನು ಅವಳಿಗೆ ಬಿಟ್ಟು, ಕಿಟಕಿಯಾಚೆ ಏರಿಯ ಕಡೆ ತಿರುಗಿದ್ದರು. ಮೂವತ್ತೆರಡು ವರ್ಷ ಯಾರೂ ನೋಡದ ಕಾಲುವೆಯ ತಿರುವುಗಳಲ್ಲಿ ಒಬ್ಬರೇ ಸನಿಕೆ ಹಿಡಿದು ನಿಂತ ಮನುಷ್ಯ ಇವರು ಎಂಬುದು ಅವಳಿಗೆ ಆಗ ಹೊಳೆಯಿತು.

ಬೇಡ ಎಂಬುದನ್ನು ಒತ್ತಿದಳು.

ಕೋಟೆ ಬೀಳಲಿಲ್ಲ. ಮಳೆ ಹಿಡಿಯಿತು, ಪಾಳೆಯದಲ್ಲಿ ಜ್ವರ ಹರಡಿತು, ಅರ್ಧ ಸೈನ್ಯ ಕರಗಿತು. ಉಳಿದವರನ್ನು ಹಿಂದಕ್ಕೆ ಕರೆಸು ಎಂದು ಸಿದ್ದಗಂಗಯ್ಯನವರೇ ಹೇಳಿದರು. ನೂರು ವರ್ಷ ಮುಗಿಯಿತು. ನಲವತ್ತರಲ್ಲಿ ಮೂವತ್ತೊಂಬತ್ತು ಎಂದು ಬರೆದು, ಆಟ ಕೊನೆಗೆ ಇಡೀ ನೂರು ವರ್ಷದ ಭೂಪಟವನ್ನು ಒಂದೇ ನಿಮಿಷದಲ್ಲಿ ಓಡಿಸಿ ತೋರಿಸಿತು. ಪ್ರಪಂಚದ ಕೊನೆಯಲ್ಲಿ ಒಂದು ಹಸಿರು ಚುಕ್ಕೆ ಹುಟ್ಟಿ, ಕಡಲುಗಳನ್ನು ದಾಟಿ ಹಿಂದಕ್ಕೆ ಹರಿದುಬಂತು. ಕೆಂಚಮ್ಮನೂ ಒಲೆ ಮುಂದಿನಿಂದ ಎದ್ದುಬಂದು ಸೆರಗಿನಲ್ಲಿ ಕೈ ಒರೆಸುತ್ತ ನಿಂತು ನೋಡಿದರು.

ಅತ್ತೆ ಒಳಗೆ ಹೋದ ಮೇಲೆ, ಕೊನೆಗೂ ಬಗ್ಗದ ಆ ಊರು ಯಾವುದು ಎಂದು ಸಿದ್ದಗಂಗಯ್ಯ ಕೇಳಿದರು.

"ಸಿರಾ, ಮಾವ. ನಮ್ಮ ಸಿರಾನೇ. ನನಗೆ ಗೊತ್ತಿತ್ತು, ಹೇಳಲಿಲ್ಲ."

ಅವರು ಅವಳನ್ನೇ ನೋಡಿದರು. ಅವಳು ಭೂಪಟವನ್ನು ಹಿಗ್ಗಿಸಿ ಆ ಹೆಸರನ್ನು ತೋರಿಸಿದಳು. ಆಮೇಲೆ ಪರದೆಯ ಹತ್ತಿರ ಬಗ್ಗಿ, ಓದಲಾಗದ ಆ ನಾಲ್ಕು ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟರು. ಬೆರಳನ್ನು ಅಲ್ಲಿಂದ ಕೂದಲೆಳೆಯಷ್ಟು ಕೆಳಗೆ ಸರಿಸಿ, ಹಾಗಾದರೆ ನಮ್ಮ ಕೆರೆ ಇಲ್ಲೆಲ್ಲೋ ಇರಬೇಕು ಎಂದರು. ಕೋಪವಿರಲಿಲ್ಲ. ಭುಜ ಅಲುಗಿದ್ದು ನೋಡಿದರೆ ನಗುತ್ತಿದ್ದರು.

"ನಿಮ್ಮತ್ತೆಗೆ ಹೇಳ್ಬುಟ್ಟೀಯಾ. ಕಾಲು ಕಟ್ಟಿದ ಆಸ್ಪತ್ರೆ ಇರೋ ಊರ್ಗೇ ಮುತ್ತಿಗೆ ಹಾಕವ್ನೆ ಅಂತ ಬೀದಿ ತುಂಬಾ ಸಾರ್ತಾಳೆ."

ಸಂಜೆ ಅನಿಲ ಫೋನು ಮಾಡಿ ಎಷ್ಟಾಯಿತೆಂದು ಕೇಳಿದ. ಮೂವತ್ತೊಂಬತ್ತು ಎಂದಳು. ಕೋಟೆಗೆ ನೀರು ಕಟ್ಟಲಿಲ್ಲವೆ, ಅದೊಂದೇ ದಾರಿ ಎಂದ. ಕಟ್ಟಲಿಲ್ಲ ಎಂದು ಹೇಳಿ ಬೇರೆ ಮಾತು ತೆಗೆದಳು.

ಕಾಲೇಜು ತೆರೆಯುವ ಹಿಂದಿನ ದಿನ ಪ್ಲಾಸ್ಟರು ಬಿಚ್ಚಿದರು. ಡಾಕ್ಟರು ಮನೆಯೊಳಗೆ ಮಾತ್ರ ನಡೆಯಿರಿ ಎಂದಿದ್ದರೂ ಸಿದ್ದಗಂಗಯ್ಯ ಊರುಗೋಲು ಹಿಡಿದು ಕಾಲುವೆಯ ದಂಡೆಗೆ ಹೊರಟರು. ಸನಿಕೆ ಹೊತ್ತು ವನಜಾಕ್ಷಿ ಹಿಂದೆ ನಡೆದಳು. ಮದುವೆಯಾಗಿ ಆರು ವರ್ಷವಾದರೂ ಅವಳು ಕೊನೆಯ ಗದ್ದೆಯವರೆಗೆ ಬಂದಿರಲಿಲ್ಲ. ದಾರಿಯಲ್ಲಿ ಅವರು ತೋರಿಸಿದ ಕಡೆ ಮಣ್ಣು ಕಟ್ಟಿದಳು, ತೋರಿಸಿದ ಕಡೆ ಕಡಿದಳು. ಕೊನೆಯ ಬದುವಿನ ಮೇಲೆ ಮುದುಕನೊಬ್ಬ ಕುಕ್ಕರುಗಾಲಲ್ಲಿ ಕೂತಿದ್ದ. ಇವನೇ ಬೈಲಪ್ಪ ಎಂದು ಮಾವ ಹೇಳಿದರು. ಬೈಲಪ್ಪ ಎದ್ದು ನಿಂತು, ಕಾಲು ಹೇಗಿದೆ ಎಂದು ಕೇಳಿದ.

ಮೂವರೂ ಕಾಲುವೆಯ ಕಡೆ ತಿರುಗಿ ನಿಂತರು. ಸ್ವಲ್ಪ ಹೊತ್ತಿಗೆ ನೀರು ಬಂತು. ಅಂಗೈಯಗಲದ ಒಂದು ನಾಲಿಗೆ, ಒಣಗಿದ ಹೊಂಗೆ ಎಲೆಗಳನ್ನು ಮುಂದೆ ತಳ್ಳಿಕೊಂಡು, ಹಾದಿಯುದ್ದಕ್ಕೂ ಮಣ್ಣನ್ನು ಕಪ್ಪಾಗಿಸುತ್ತ, ಅವಳ ಕಾಲ ಬಳಿಗೆ.